ನಂಬಿಕೆಯ ಭಾರವನ್ನು ಪ್ರವಾದನೆ ಎಷ್ಟು ಹೊರುತ್ತದೆ?

ಕ್ರಿಸ್‌ಮಸ್ ಹತ್ತಿರ ಬಂತು ಅಂದರೆ ಸಾಕು, ಕ್ರೈಸ್ತ ಸಭೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಲೆಕ್ಕ ಓಡಾಡಲು ಶುರುವಾಗುತ್ತದೆ. ಬೈಬಲಿನ ಹಳೆ ಒಡಂಬಡಿಕೆಯಲ್ಲಿ, ಅಂದರೆ ಯೇಸುವಿಗೆ ಮುಂಚಿನ ಭಾಗದಲ್ಲಿ, ಯೇಸುವಿನ ಬಗ್ಗೆ 300ಕ್ಕೂ ಜಾಸ್ತಿ ಪ್ರವಾದನೆಗಳಿವೆ, ಅದರಲ್ಲಿ ಬರೀ ಎಂಟು ಒಬ್ಬನೇ ಮನುಷ್ಯನಲ್ಲಿ ಆಕಸ್ಮಿಕವಾಗಿ ನೆರವೇರಬೇಕಾದರೆ ಅದರ ಸಾಧ್ಯತೆ 1ರ ಮುಂದೆ 17 ಸೊನ್ನೆ ಹಾಕಿದಷ್ಟರಲ್ಲಿ ಒಂದು ಪಾಲು ಅಂತ. ಜೊತೆಗೆ ಒಂದು ಚಿತ್ರ. ಅಮೆರಿಕದ ಟೆಕ್ಸಾಸ್ ರಾಜ್ಯದ ತುಂಬ ಎರಡಡಿ ಎತ್ತರಕ್ಕೆ ಬೆಳ್ಳಿ ನಾಣ್ಯ ಸುರಿದು, ಒಂದಕ್ಕೆ ಮಾತ್ರ ಗುರುತು ಹಾಕಿ, ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಆ ನಾಣ್ಯವನ್ನು ಮೊದಲ ಸಲಕ್ಕೇ ಎತ್ತು ಅಂದ ಹಾಗಂತೆ. ಪೀಟರ್ ಸ್ಟೋನರ್ ಎಂಬ ಅಮೆರಿಕದ ಗಣಿತ ಪ್ರಾಧ್ಯಾಪಕರ ಲೆಕ್ಕ ಇದು. ಕಳೆದ ಶತಮಾನದ ನಡುಭಾಗದ್ದು, ಇವತ್ತಿಗೂ ಓಡುತ್ತಿದೆ.

ನಾನು ಕ್ರೈಸ್ತ. ಪ್ರವಾದನೆಗಳು ಯೇಸುವಿನಲ್ಲಿ ನೆರವೇರಿದವು ಎಂದು ನಂಬುವವನು. ಆದರೂ ಈ ಲೆಕ್ಕವನ್ನು ನಾನು ಯಾರಿಗೂ ಕಳಿಸುವುದಿಲ್ಲ. ಒಂದೊಂದು ಪ್ರವಾದನೆಗೂ ಇಷ್ಟರಲ್ಲಿ ಒಂದು ಅಂತ ಹಾಕಿದ್ದು ಬರೀ ಅಂದಾಜು, ಅದು ಹಾಗಿರಲಿ. ದೊಡ್ಡ ತೊಡಕು ಏನಪ್ಪಾ ಅಂದರೆ, ನಾಣ್ಯ ಎತ್ತುವವನ ಕಣ್ಣಿಗೆ ಬಟ್ಟೆ ಕಟ್ಟಿದೆ, ಯೇಸುವಿನ ಕಣ್ಣಿಗೆ ಯಾರೂ ಕಟ್ಟಿರಲಿಲ್ಲ. ಅರಸನು ಕತ್ತೆಮರಿಯ ಮೇಲೆ ಕೂತು ಬರುತ್ತಾನೆ ಅಂತ ಜೆಕರ್ಯನ 9ನೇ ಅಧ್ಯಾಯದಲ್ಲಿದೆ. ಯೆರೂಸಲೇಮಿಗೆ ಬರುವ ಮುಂಚೆ ಯೇಸು ಇಬ್ಬರು ಶಿಷ್ಯರನ್ನು ಕಳಿಸಿ ಕತ್ತೆಮರಿಯನ್ನು ತರಿಸಿಕೊಂಡನು ಅಂತ ಅವನ ಬದುಕಿನ ಕಥೆ ಹೇಳುವ ಸುವಾರ್ತೆಗಳೇ ಹೇಳುತ್ತವೆ. ಗೊತ್ತಿದ್ದೇ, ಬೇಕಂತಲೇ ಮಾಡಿದ್ದು. ತಾನು ಯಾರು ಅಂತ ಬಾಯಿ ಬಿಡದೆ ಹೇಳುವ ರೀತಿ ಅದು. ಬೇಕಂತಲೇ ಮಾಡಿದ್ದನ್ನು ಆಕಸ್ಮಿಕದ ಗುಣಾಕಾರದಲ್ಲಿ ಸೇರಿಸಲು ಬರುವುದಿಲ್ಲ. ಇನ್ನು ಕಥೆ ಬರೆದವರಿಗೂ ಆ ವಾಕ್ಯಗಳು ಬಾಯಿಪಾಠ ಇದ್ದವು, ಅವರೇ ಹೊಂದಿಸಿ ಬರೆದಿರಬಾರದೇಕೆ ಅಂತ ಯಾರಾದರೂ ಕೇಳಿದರೆ ಟೆಕ್ಸಾಸಿನ ನಾಣ್ಯಗಳ ಹತ್ತಿರ ಉತ್ತರ ಇಲ್ಲ.

ನಿಜವಾದ ಪ್ರಶ್ನೆ ಅದೇ. ಅದು ನಮಗೆ ಹೊಸದೂ ಅಲ್ಲ. ಮೈಲಾರದ ಕಾರ್ಣಿಕ ಗೊತ್ತಲ್ವಾ? ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂತ ಕೂಗಿ ಒಂದೇ ಒಂದು ಸಾಲು ನುಡಿಯುತ್ತಾರೆ. ಅದು ಮಳೆಗೆ ಹೇಳಿದ್ದೋ, ಬೆಳೆಗೆ ಹೇಳಿದ್ದೋ, ಸರ್ಕಾರಕ್ಕೆ ಹೇಳಿದ್ದೋ ಅಂತ ಜನ ಆಮೇಲೆ ಅರ್ಥ ಹಚ್ಚುತ್ತಾ ಹೋಗುತ್ತಾರೆ. ಬೈಬಲಿನ ಪ್ರವಾದನೆಗೂ ಇದೇ ಮಾತು ಕೇಳಬಹುದು. ಅರ್ಥ ಆಮೇಲೆ ಹಚ್ಚಿದ್ದಾ, ಮೊದಲೇ ಇದ್ದದ್ದಾ?

ಇದಕ್ಕೆ ಉತ್ತರ ಹುಡುಕುವ ಮುಂಚೆ ಪ್ರವಾದಿಗಳು ಯಾರು ಅಂತ ನೋಡಬೇಕು. ಇಸ್ರಾಯೇಲಿನ ಪ್ರವಾದಿಗಳಿಗೆ ಭವಿಷ್ಯ ಹೇಳುವುದು ಮುಖ್ಯ ಕೆಲಸವೇ ಆಗಿರಲಿಲ್ಲ. ದೇವರ ಪರವಾಗಿ ರಾಜನ ಮುಖಕ್ಕೆ ಮುಖ ಕೊಟ್ಟು ಮಾತಾಡುವವರು ಅವರು. ಆಮೋಸನನ್ನು ಓದಿ. ಕಳ್ಳ ತಕ್ಕಡಿ ಹಿಡಿದ ವ್ಯಾಪಾರಿಗಳು, ಬಡವರನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಮಾರುವವರು, ಇವರ ಮೇಲೆ ಬೈಗುಳವೇ ಜಾಸ್ತಿ. ಮುಂದೆ ಆಗುವುದರ ಮಾತು ಬಂದರೆ ಅದು ಎಚ್ಚರಿಕೆಗೆ, ಇಲ್ಲಾ ಸಮಾಧಾನಕ್ಕೆ. ಆ ಎಚ್ಚರಿಕೆಗೂ ಒಂದು ಷರತ್ತು ಇರುತ್ತಿತ್ತು. ನಾನು ಹಾಳುಮಾಡುತ್ತೇನೆ ಅಂದ ಜನಾಂಗ ತಿರುಗಿಕೊಂಡರೆ ನಾನೂ ಮನಸ್ಸು ಬದಲಿಸುತ್ತೇನೆ ಅಂತ ಯೆರೆಮೀಯನ 18ನೇ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ. ಯೋನನ ಕಥೆ ನಿಂತಿರುವುದೇ ಇದರ ಮೇಲೆ. 40 ದಿನದಲ್ಲಿ ನಿನೆವೆ ನಾಶ ಅಂದ, ಊರಿನವರು ಪಶ್ಚಾತ್ತಾಪಪಟ್ಟರು, ಊರು ಉಳಿಯಿತು, ಪ್ರವಾದಿ ಮಾತ್ರ ಮುಖ ಊದಿಸಿಕೊಂಡು ಕೂತ.

ಹಾಗಂತ ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಯೆಹೋವನ ಹೆಸರಲ್ಲಿ ಹೇಳಿದ್ದು ನಡೆಯದೇ ಹೋದರೆ ಅದು ಯೆಹೋವನ ಮಾತಲ್ಲ ಅಂತ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಪರೀಕ್ಷೆ ಇಟ್ಟಿದೆ. ಯೆಹೂದ್ಯರ ಮೇಲಿದ್ದ ಬಾಬೆಲ್ ಸಾಮ್ರಾಜ್ಯದ ನೊಗ ಎರಡೇ ವರ್ಷದಲ್ಲಿ ಮುರಿಯುತ್ತದೆ ಅಂತ ಹನನ್ಯ ದೇವಾಲಯದಲ್ಲಿ ನಿಂತು ಸಾರಿದ. ಯೆರೆಮೀಯ ಹೇಳಿದ್ದು 70 ವರ್ಷ. ಹನನ್ಯನ ಮಾತು ಜನರಿಗೆ ಇಷ್ಟವಾಗಿರಬೇಕು, ಆದರೆ ಕ್ರಿ.ಪೂ. 586ರ ಹೊತ್ತಿಗೆ ಬಾಬೆಲಿನವರ ಕೈಯಲ್ಲಿ ಯೆರೂಸಲೇಮ್ ಸುಟ್ಟು ಬೂದಿಯಾಗಿತ್ತು.

ಈಗ ಯೇಸುವಿನ ವಿಷಯಕ್ಕೆ ಬರೋಣ. ಹೊಸ ಒಡಂಬಡಿಕೆ "ನೆರವೇರಿತು" ಅಂದಾಗಲೆಲ್ಲ ಒಂದೇ ಥರದ ನೆರವೇರಿಕೆಯನ್ನು ಹೇಳುತ್ತಿಲ್ಲ. ಅರ್ಧ ಗೊಂದಲ ಇಲ್ಲೇ ಹುಟ್ಟುವುದು.

ಮೊದಲನೆಯದು ನೇರ ಮಾತು. ಮೀಕನ 5ನೇ ಅಧ್ಯಾಯದಲ್ಲಿ ಇಸ್ರಾಯೇಲನ್ನು ಆಳುವವನು ಬೇತ್ಲೆಹೇಮಿನಿಂದ ಬರುತ್ತಾನೆ ಅಂತಿದೆ. ದಾವೀದನ ಊರು ಅದು, ಯೆರೂಸಲೇಮಿನ ದಕ್ಷಿಣಕ್ಕೆ ಸುಮಾರು ಎಂಟೊಂಬತ್ತು ಕಿಲೋಮೀಟರ್ ಅಷ್ಟೇ. ಇದನ್ನು ಮೆಸ್ಸೀಯನಿಗೆ, ಅಂದರೆ ಯೆಹೂದ್ಯರು ಕಾಯುತ್ತಿದ್ದ ಅಭಿಷಿಕ್ತ ಅರಸನಿಗೆ, ಅನ್ವಯಿಸಿದ್ದು ಕ್ರೈಸ್ತರು ಮಾತ್ರ ಅಲ್ಲ. ಯೋಹಾನನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಜನ ಯೇಸುವಿನ ವಿರುದ್ಧ ಇದೇ ವಾಕ್ಯ ಎತ್ತುತ್ತಾರೆ. ಮೆಸ್ಸೀಯ ಬರಬೇಕಾದ್ದು ಬೇತ್ಲೆಹೇಮಿನಿಂದ, ಇವನು ಗಲಿಲಾಯದವನಲ್ಲವೇ ಅಂತ. ಆ ಮಾತನ್ನು ಯೋಹಾನ ಹಾಗೇ ಬಿಟ್ಟಿದ್ದಾನೆ, ಉತ್ತರ ಕೊಡುವ ಗೋಜಿಗೇ ಹೋಗಿಲ್ಲ.

ಎರಡನೆಯದು ಅಚ್ಚಿನ ಥರದ್ದು. ಒಮ್ಮೆ ನಡೆದದ್ದು ಇನ್ನೊಮ್ಮೆ, ಇನ್ನೂ ದೊಡ್ಡದಾಗಿ ನಡೆಯುತ್ತದೆ. ಮಗು ಯೇಸುವನ್ನು ಐಗುಪ್ತದಿಂದ ಕರೆತಂದಾಗ "ಐಗುಪ್ತದಿಂದ ನನ್ನ ಮಗನನ್ನು ಕರೆದೆನು" ಎಂಬ ಮಾತು ನೆರವೇರಿತು ಅಂತ ಇನ್ನೊಬ್ಬ ಸುವಾರ್ತೆಗಾರ ಮತ್ತಾಯ ಬರೆಯುತ್ತಾನೆ. ಹೋಶೇಯನ 11ನೇ ಅಧ್ಯಾಯ ತೆಗೆದು ನೋಡಿದರೆ ಅಲ್ಲಿ ಭವಿಷ್ಯದ ಸುಳಿವೇ ಇಲ್ಲ. ಇಸ್ರಾಯೇಲ್ ಜನಾಂಗ ಐಗುಪ್ತ ಬಿಟ್ಟು ಬಂದ ಹಳೇ ಕಥೆಯನ್ನು ದೇವರು ನೆನಪಿಸುತ್ತಿದ್ದಾನೆ, ಅಷ್ಟೇ. ಮತ್ತಾಯನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇಸ್ರಾಯೇಲ್ ನಡೆದ ದಾರಿಯನ್ನೇ ಈ ಮಗುವೂ ನಡೆಯುತ್ತಿದೆ, ಆ ಜನಾಂಗದ ಕಥೆ ಇವನಲ್ಲಿ ಪೂರ್ತಿಯಾಗುತ್ತಿದೆ ಅಂತ ಅವನ ಮಾತು. 22ನೇ ಕೀರ್ತನೆಯೂ ಹೀಗೇ. ಅದು ನರಳುವ ಒಬ್ಬ ಭಕ್ತನ ಮೊರೆ, "ಮುಂದೊಂದು ದಿನ" ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೆ ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ ಶುರುವಾಗಿ, ನೋಡುವವರೆಲ್ಲ ತಲೆಯಾಡಿಸಿ ಹಂಗಿಸುವುದು, ಬಟ್ಟೆಗೆ ಚೀಟು ಹಾಕುವುದು, ಇವನ್ನೆಲ್ಲ ದಾಟಿ ಕೊನೆಗೆ ಭೂಮಿಯ ಕಟ್ಟಕಡೆಯವರೂ ದೇವರ ಕಡೆ ತಿರುಗುವಲ್ಲಿಗೆ ಮುಟ್ಟುವ ಆ ಹಾಡನ್ನು ಶಿಲುಬೆಯ ಕೆಳಗೆ ನಿಂತು ಓದಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಮೂರನೆಯದು ಎರಡು ಸಲ ನೆರವೇರುವಂಥದ್ದು. ಯುವತಿಯೊಬ್ಬಳು ಮಗನನ್ನು ಹೆತ್ತು ಇಮ್ಮಾನುವೇಲ್ ಅಂತ ಹೆಸರಿಡುತ್ತಾಳೆ ಎಂಬ ಗುರುತು, ಯೆಶಾಯ 7:14, ಮೊದಲು ಕೊಟ್ಟಿದ್ದು ಯೆಹೂದದ ಆಹಾಜ ರಾಜನಿಗೆ. ಎರಡು ನೆರೆ ರಾಜ್ಯಗಳು ಸೇರಿ ಅವನ ಮೇಲೆ ದಂಡೆತ್ತಿ ಬಂದಿದ್ದವು. ಆ ಮಗುವಿಗೆ ಒಳ್ಳೇದು ಕೆಟ್ಟದ್ದು ತಿಳಿಯುವಷ್ಟರಲ್ಲಿ ಆ ಎರಡು ರಾಜರ ದೇಶ ಪಾಳುಬೀಳುತ್ತದೆ ಅನ್ನುವುದು ಆವತ್ತಿನ ಮಾತು. 700 ವರ್ಷ ಆದಮೇಲೆ ಹುಟ್ಟುವ ಮಗುವಿನಿಂದ ಆಹಾಜನಿಗೆ ಏನು ಉಪಯೋಗ ಹೇಳಿ? ಆವತ್ತಿಗೊಂದು ಅರ್ಥ ಇತ್ತು. ಮತ್ತಾಯ ಅದರ ಮೇಲೆ ಇನ್ನೊಂದು, ಇನ್ನೂ ತುಂಬಿದ ಅರ್ಥವನ್ನು ಕಾಣುತ್ತಾನೆ. ಇದನ್ನು ಒಪ್ಪುವುದು ಬಿಡುವುದು ಓದುವವರಿಗೆ ಬಿಟ್ಟದ್ದು, ಆದರೆ ಆಹಾಜನನ್ನು ಮರೆಮಾಚಿ ಬರೀ ಆ ಒಂದು ವಾಕ್ಯ ತೋರಿಸುವುದು ಸರಿಯಲ್ಲ.

ಇವೆಲ್ಲವನ್ನೂ ಬದಿಗಿಟ್ಟು, ಒಂದೇ ಒಂದು ಭಾಗ ತೋರಿಸು ಅಂತ ಯಾರಾದರೂ ಅಂದರೆ ನಾನು ಯೆಶಾಯನ 53ನ್ನು ತೆಗೆಯುತ್ತೇನೆ. ಸರಿಯಾಗಿ ಹೇಳಬೇಕಂದರೆ 52:13ರಿಂದ 53:12ರವರೆಗೆ. ಅಧ್ಯಾಯಗಳನ್ನು ಹೀಗೆ ಕತ್ತರಿಸಿದ್ದು ಮಧ್ಯಯುಗದವರು, ಇಲ್ಲಿ ಅವರ ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ. ಹದಿನೈದು ವಚನಗಳ ಒಂದೇ ಹಾಡು ಇದು. ಶುಭ ಶುಕ್ರವಾರದ ಆರಾಧನೆಗೆ ಹೋಗಿ ಗೊತ್ತಿರುವವರಿಗೆ ಇದು ಕಿವಿಯಲ್ಲೇ ಇರುತ್ತದೆ. ಕಥೋಲಿಕರಲ್ಲಂತೂ ಆ ದಿನದ ಮೊದಲ ವಾಚನವೇ ಇದು.

ಏನಿದೆ ಅದರಲ್ಲಿ? ಯೆಹೋವನ ಸೇವಕನೊಬ್ಬ ಇದ್ದಾನೆ. ನೋಡಲು ಆಕರ್ಷಣೆ ಇಲ್ಲ, ಜನ ಅವನನ್ನು ಕಂಡು ಮುಖ ತಿರುಗಿಸುತ್ತಾರೆ. ಅವನಿಗೆ ಬಂದ ನೋವನ್ನು ನೋಡಿ, ದೇವರೇ ಇವನನ್ನು ಹೊಡೆದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಮೇಲೆ ಮಾತಾಡುತ್ತಿರುವವರಿಗೇ ಹೊಳೆಯುತ್ತದೆ, ಅವನು ಹೊತ್ತದ್ದು ನಮ್ಮ ಪಾಪ, ಅವನಿಗೆ ಬಿದ್ದ ಪೆಟ್ಟಿನಿಂದ ನಮಗೆ ಗುಣವಾಯಿತು ಅಂತ. ಕೊಯ್ಯಲು ಒಯ್ಯುವ ಕುರಿಮರಿಯ ಹಾಗೆ ಅವನು ಬಾಯಿ ತೆರೆಯಲಿಲ್ಲ. ಅನ್ಯಾಯದ ತೀರ್ಪಿನಿಂದ ಸತ್ತ. ಸಮಾಧಿ ದುಷ್ಟರ ಜೊತೆ ನಿಗದಿಯಾಗಿತ್ತು, ಸತ್ತಾಗ ಐಶ್ವರ್ಯವಂತನ ಜೊತೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯುವುದಿಲ್ಲ. ಪ್ರಾಣವನ್ನೇ ಪ್ರಾಯಶ್ಚಿತ್ತವಾಗಿ ಕೊಟ್ಟ ಮೇಲೆ ಅವನು ಸಂತಾನವನ್ನು ನೋಡುತ್ತಾನೆ, ಬಹಳ ಕಾಲ ಬಾಳುತ್ತಾನೆ, ಬಹುಜನರನ್ನು ನೀತಿವಂತರನ್ನಾಗಿ ಮಾಡುತ್ತಾನೆ ಅಂತ ಹಾಡು ಮುಂದುವರಿಯುತ್ತದೆ.

ಇದನ್ನು ಕ್ರೈಸ್ತರೇ ಆಮೇಲೆ ಬರೆದು ಸೇರಿಸಿದರು ಅನ್ನುವ ಅನುಮಾನಕ್ಕೆ ಈಗ ಜಾಗವೇ ಇಲ್ಲ. 1947ರ ಸುಮಾರಿಗೆ ಮೃತ ಸಮುದ್ರದ ವಾಯವ್ಯ ದಡದ ಕುಮ್ರಾನಿನಲ್ಲಿ ಬೆದೂಯಿನ್ ಕುರುಬರಿಗೆ ಒಂದು ಗುಹೆಯಲ್ಲಿ ಮಣ್ಣಿನ ಜಾಡಿಗಳು, ಚರ್ಮದ ಸುರುಳಿಗಳು ಸಿಕ್ಕವು. ಅದರಲ್ಲಿ ಯೆಶಾಯನ ಇಡೀ ಗ್ರಂಥದ ಸುರುಳಿ ಒಂದು. 17 ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ್ದು, ಉದ್ದ ಏಳು ಮೀಟರಿಗೂ ಜಾಸ್ತಿ, 54 ಅಂಕಣಗಳಲ್ಲಿ 66 ಅಧ್ಯಾಯಗಳೂ ಇವೆ. ಅಕ್ಷರಗಳ ಆಕಾರ ನೋಡಿ ವಿದ್ವಾಂಸರು ಹೇಳುವ ಕಾಲ ಕ್ರಿ.ಪೂ. 125ರ ಆಸುಪಾಸು. ಅದಕ್ಕೆ ಮುಂಚೆ ಜಗತ್ತಿನ ಕೈಯಲ್ಲಿದ್ದ ಪೂರ್ತಿ ಹೀಬ್ರೂ ಪ್ರತಿಗಳು ಹತ್ತನೇ ಶತಮಾನದ ಆಜುಬಾಜಿನವು. ಒಂದೇ ಏಟಿಗೆ ಸಾವಿರ ವರ್ಷ ಹಿಂದಕ್ಕೆ ಹೋದ ಹಾಗಾಯಿತು. ಹೋಗಿ ನೋಡಿದರೆ 53ನೇ ಅಧ್ಯಾಯ ಅಲ್ಲಿಯೂ ಹೆಚ್ಚುಕಡಿಮೆ ಹೀಗೇ ಇದೆ. ಕಾಗುಣಿತದ ವ್ಯತ್ಯಾಸಗಳು ಬೇಕಾದಷ್ಟಿವೆ. ಕಣ್ಣಿಗೆ ಬೀಳುವ ಒಂದು ವ್ಯತ್ಯಾಸ 11ನೇ ವಚನದಲ್ಲಿದೆ. ನಾವು ಓದುವ ಹಳೆಯ ಅನುವಾದಗಳಲ್ಲಿ ಸೇವಕನು ತನ್ನ ಶ್ರಮದ ಫಲವನ್ನು ನೋಡುತ್ತಾನೆ, ಸುರುಳಿಯಲ್ಲಿ ಬೆಳಕನ್ನು ನೋಡುತ್ತಾನೆ. ಯೇಸುವಿಗೆ ಮುಂಚೆಯೇ ಯೆಹೂದ್ಯರು ಮಾಡಿಕೊಂಡಿದ್ದ ಗ್ರೀಕ್ ಅನುವಾದದಲ್ಲೂ ಬೆಳಕೇ ಇದೆ. ಸಾವಿನ ಆಚೆಗೆ ಬೆಳಕು. ಇದು ಕ್ರೈಸ್ತ ಓದಿಗೆ ಇನ್ನಷ್ಟು ಒದಗುತ್ತದೆ ಅನ್ನುವುದು ಬೇರೆ ಮಾತು.

ಯೇಸುವಿಗೆ ನೂರು ವರ್ಷಕ್ಕೂ ಮುಂಚೆ ಈ ಹಾಡು ಮಸಿಯಲ್ಲಿ ಬರೆದಿಟ್ಟದ್ದು ಅಂತಾಯಿತು. ಇನ್ನು ಉಳಿದದ್ದು, ಇದು ಯಾರ ಬಗ್ಗೆ?

ಈ ಪ್ರಶ್ನೆಯನ್ನು ಬೈಬಲೇ ಕೇಳಿದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿ ಯೆರೂಸಲೇಮಿನಿಂದ ಗಾಜಾದ ದಾರಿಯಲ್ಲಿ ರಥದಲ್ಲಿ ಕೂತು ಇದೇ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದ. ಕ್ರೈಸ್ತ ಬೋಧಕ ಫಿಲಿಪ್ಪ ಓಡಿ ಬಂದು, ಓದುತ್ತಿರುವುದು ಅರ್ಥವಾಗುತ್ತಿದೆಯೋ ಅಂತ ಕೇಳಿದ. ಅವನ ಉತ್ತರ, ಯಾರಾದರೂ ತಿಳಿಸದೆ ಹೇಗೆ ಅರ್ಥವಾದೀತು? ಪ್ರವಾದಿ ಇದನ್ನು ಹೇಳಿದ್ದು ತನ್ನ ವಿಷಯವಾಗಿಯೋ ಬೇರೊಬ್ಬನ ವಿಷಯವಾಗಿಯೋ? ಇಪ್ಪತ್ತು ಶತಮಾನದಿಂದ ನಡೆದಿರುವ ಚರ್ಚೆ ಪೂರ್ತಿ ಆ ಒಂದು ಪ್ರಶ್ನೆಯಲ್ಲಿದೆ.

ಯೆಹೂದ್ಯರ ಉತ್ತರವನ್ನು ನಮ್ಮ ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತೇನೆ. ಸೇವಕ ಅಂದರೆ ಇಸ್ರಾಯೇಲ್ ಜನಾಂಗ ಅಂತ ಅವರ ಮಾತು. ಸುಮ್ನೆ ಹೇಳುವುದಲ್ಲ, ಯೆಶಾಯನಲ್ಲೇ ಆಧಾರ ಇದೆ. 41:8, 44:1, 49:3 ಮೂರರಲ್ಲೂ ಇಸ್ರಾಯೇಲನ್ನೇ ನನ್ನ ಸೇವಕ ಅಂತ ದೇವರು ಕರೆಯುತ್ತಾನೆ. ಆಗ 53ರಲ್ಲಿ "ನಾವು" ಅಂತ ಮಾತಾಡುವವರು ಬೇರೆ ದೇಶಗಳ ರಾಜರು, ತಾವು ಹಿಂಸಿಸಿದ ಜನಾಂಗದ ಬೆಲೆ ತಡವಾಗಿ ತಿಳಿದು ಬೆರಗಾದವರು. ಈ ಓದು ಹೊಸದೇನಲ್ಲ. ಕ್ರಿ.ಶ. 248ರ ಸುಮಾರಿಗೆ ಬರೆದ ಒರಿಗೆನ್ ಎಂಬ ಕ್ರೈಸ್ತ ವಿದ್ವಾಂಸ, ಯೆಹೂದ್ಯರು ತನಗೆ ಇದೇ ಅರ್ಥ ಹೇಳಿದರು ಅಂತ ದಾಖಲಿಸಿದ್ದಾನೆ. ಹನ್ನೊಂದನೇ ಶತಮಾನದ ರಾಶಿ ಎಂಬ ಯೆಹೂದ್ಯ ಪಂಡಿತನ ವ್ಯಾಖ್ಯಾನದಿಂದ ಅದು ಇನ್ನೂ ಗಟ್ಟಿಯಾಯಿತು. ಇದರ ಜೊತೆಗೆ ಯೆಶಾಯನ ಹಳೆಯ ಅರಾಮಿಕ್ ಅನುವಾದ, ಅದೂ ಯೆಹೂದ್ಯರದ್ದೇ, "ನನ್ನ ಸೇವಕನಾದ ಮೆಸ್ಸೀಯ" ಅಂತಲೇ ಈ ಭಾಗವನ್ನು ಶುರುಮಾಡುತ್ತದೆ. ಆದರೆ ಸಂಕಟವನ್ನೆಲ್ಲ ಅವನ ಮೇಲಿಂದ ತೆಗೆದು ಬೇರೆಯವರ ಮೇಲೆ ಹಾಕುತ್ತದೆ! ಮೆಸ್ಸೀಯನೂ ಬೇಕು, ಅವನು ನರಳುವುದು ಬೇಡ. ಆ ಕಾಲದವರಿಗೆ ಈ ಎರಡು ಮಾತನ್ನು ಒಬ್ಬನಲ್ಲಿ ಸೇರಿಸುವುದು ಎಷ್ಟು ಕಷ್ಟವಾಗಿತ್ತು ಅಂತ ಇದರಿಂದ ಗೊತ್ತಾಗುತ್ತದೆ.

ನನಗೆ ಕ್ರೈಸ್ತ ಓದು ಬಲವಾಗಿ ಕಾಣುವುದಕ್ಕೆ ಕಾರಣ ಯೆಶಾಯನಲ್ಲೇ ಇದೆ. 49ನೇ ಅಧ್ಯಾಯದಲ್ಲಿ ಸೇವಕನನ್ನು ಇಸ್ರಾಯೇಲ್ ಅಂತ ಕರೆದ ಎರಡೇ ವಚನದ ನಂತರ ಆ ಸೇವಕನ ಕೆಲಸ ಇಸ್ರಾಯೇಲನ್ನು ತಿರುಗಿ ಕರೆತರುವುದು ಅಂತಿದೆ. ಕರೆತರುವವನೂ ಬರಬೇಕಾದವನೂ ಒಬ್ಬನೇ ಹೇಗಾದಾನು? 42ನೇ ಅಧ್ಯಾಯದಲ್ಲಿ ಸೇವಕನಾದ ಜನಾಂಗ ಕುರುಡು, ಕಿವುಡು. 53ರ ಸೇವಕನಾದರೋ ತಪ್ಪೇ ಇಲ್ಲದವನು, ಅವನು ಸಾಯುವುದು "ನನ್ನ ಜನರ" ದ್ರೋಹಕ್ಕಾಗಿ. ಜನಾಂಗದಿಂದ ಶುರುವಾದ ಚಿತ್ರ ಸಣ್ಣದಾಗುತ್ತಾ ಸಣ್ಣದಾಗುತ್ತಾ, ಆ ಜನಾಂಗ ಮಾಡಬೇಕಿದ್ದ ಕೆಲಸವನ್ನು ಅವರ ಪರವಾಗಿ ಮಾಡುವ ಒಬ್ಬನ ಹತ್ತಿರ ಬಂದು ನಿಲ್ಲುತ್ತದೆ. ಇದು ಗಣಿತದ ರುಜುವಾತಲ್ಲ. ಒಬ್ಬ ಓದುಬಲ್ಲ ಯೆಹೂದ್ಯ ಇದನ್ನು ಒಪ್ಪದೇ ಇರಲು ಸಾಧ್ಯ, ಅವರಿಗೂ ಕಾರಣಗಳಿವೆ.

ಈಗ ಮೈಲಾರದ ಪ್ರಶ್ನೆಗೆ ಬರುತ್ತೇನೆ. ಅರ್ಥ ಆಮೇಲೆ ಹಚ್ಚಿದ್ದಾ? ಹೌದು, ಬಹಳ ಮಟ್ಟಿಗೆ ಆಮೇಲೇ ಕಂಡದ್ದು. ಇದನ್ನು ಹೇಳುವುದು ವಿರೋಧಿಗಳಲ್ಲ, ಸುವಾರ್ತೆಗಳೇ. ಕತ್ತೆಮರಿಯ ಮೇಲೆ ಬಂದ ದಿನ ಶಿಷ್ಯರಿಗೆ ಏನೂ ಅರ್ಥವಾಗಲಿಲ್ಲ, ಯೇಸು ಮಹಿಮೆ ಹೊಂದಿದ ಮೇಲೆ ನೆನಪಾಯಿತು ಅಂತ ಯೋಹಾನ ನೇರವಾಗಿ ಬರೆದಿದ್ದಾನೆ. ಯೇಸು ಸತ್ತ ಮೇಲೆ ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಎಲ್ಲ ಮುಗಿಯಿತು ಅಂತ ಸಪ್ಪೆ ಮುಖ ಹಾಕಿಕೊಂಡು ನಡೆಯುತ್ತಿದ್ದರು. ಶಾಸ್ತ್ರಗಳೆಲ್ಲ ಅವರಿಗೆ ಗೊತ್ತಿದ್ದವೇ. ಆದರೂ ಮೆಸ್ಸೀಯ ಸಾಯಬೇಕು ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

ನನ್ನ ಪ್ರಕಾರ ಪ್ರವಾದನೆಯ ವಾದಕ್ಕೆ ಬಲ ಬರುವುದು ಇಲ್ಲಿಂದ. ಶಾಸ್ತ್ರ ನೋಡಿಕೊಂಡು ಕಥೆ ಕಟ್ಟುವವರಾಗಿದ್ದರೆ ಹೀಗೆ ಕಟ್ಟುತ್ತಿರಲಿಲ್ಲ. ಮತ್ತಾಯನನ್ನೇ ನೋಡಿ. "ನಜರಾಯನೆನಿಸಿಕೊಳ್ಳುವನು" ಎಂದು ಪ್ರವಾದಿಗಳು ಹೇಳಿದ್ದು ನೆರವೇರಿತು ಅಂತ 2ನೇ ಅಧ್ಯಾಯದ ಕೊನೆಯಲ್ಲಿ ಬರೆಯುತ್ತಾನೆ. ಹಳೆ ಒಡಂಬಡಿಕೆ ಪೂರ್ತಿ ಜಾಲಾಡಿದರೂ ಆ ವಾಕ್ಯ ಸಿಗುವುದಿಲ್ಲ, ನಜರೇತ್ ಎಂಬ ಊರಿನ ಹೆಸರೇ ಅದರಲ್ಲಿ ಇಲ್ಲ. ಬೇರೆ ಬೇರೆ ಪ್ರವಾದಿಗಳ ಮಾತಿನ ಸುಳಿವು ಸೇರಿಸಿ ಹೇಳಿದ್ದು ಅಂತ ಪಂಡಿತರು ಏನೇನೋ ವಿವರಣೆ ಕೊಡುತ್ತಾರೆ. ನನಗೆ ಕಾಣುವುದು ಇಷ್ಟು: ಯೇಸು ನಜರೇತಿನವನು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಅಲ್ಲಗಳೆಯಲು ಆಗುವುದಿಲ್ಲ, ಅದಕ್ಕೆ ಶಾಸ್ತ್ರದಲ್ಲಿ ಎಲ್ಲಿ ನಂಟಿದೆ ಅಂತ ಮತ್ತಾಯ ಹುಡುಕಿದ್ದಾನೆ. ಘಟನೆ ಮೊದಲು, ವಾಕ್ಯ ಆಮೇಲೆ. ಹೋಶೇಯನ ಮಾತೂ ಹೀಗೆಯೇ ಸ್ವಲ್ಪ ಬಿಗಿಯಾಗಿ ಕೂರುತ್ತದೆ. ಅಳತೆ ಕೊಟ್ಟು ಹೊಲಿಸಿದ ಅಂಗಿ ಇಷ್ಟು ಬಿಗಿಯಾಗಿರುವುದಿಲ್ಲ.

ಬೇತ್ಲೆಹೇಮಿನ ಜನನಕ್ಕೆ ಈ ವಾದ ಅಷ್ಟಾಗಿ ಒದಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಆ ಕಥೆ ಮತ್ತಾಯ, ಲೂಕ ಇಬ್ಬರಲ್ಲಿ ಮಾತ್ರ ಇದೆ, ಮೀಕನಿಗೆ ಸರಿಹೊಂದಲಿ ಅಂತ ಹುಟ್ಟಿದ್ದು ಅಂತ ಹೇಳುವ ವಿದ್ವಾಂಸರು ಇದ್ದಾರೆ. ನಾನು ಒಪ್ಪುವುದಿಲ್ಲ, ಆದರೆ ಅವರ ವಾದ ಹುರುಳಿಲ್ಲದ್ದೇನೂ ಅಲ್ಲ. ಶಿಲುಬೆಯ ವಿಷಯ ಹಾಗಲ್ಲ. ರೋಮಿನ ಅಧಿಪತಿ ಪೊಂತ್ಯ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ, ಕ್ರೈಸ್ತರನ್ನು ಕಂಡರೆ ಆಗದ ರೋಮಿನ ಇತಿಹಾಸಕಾರ ತಾಸಿಟಸ್ ಕ್ರಿ.ಶ. 116ರ ಆಸುಪಾಸಿನಲ್ಲಿ ಬರೆದಿದ್ದಾನೆ. ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಅಂತ ಧರ್ಮೋಪದೇಶಕಾಂಡವೇ ಹೇಳುವಾಗ, ಶಿಲುಬೆಗೆ ಹೋದ ಮೆಸ್ಸೀಯ ಯಾರಿಗೆ ಬೇಕಿತ್ತು? ಯೆಹೂದ್ಯರಿಗೆ ಇದು ಎಡವುವ ಕಲ್ಲು ಅಂತ ಅಪೊಸ್ತಲ ಪೌಲನೇ ಒಪ್ಪುತ್ತಾನೆ. ಕಾಯುತ್ತಿದ್ದವರ ಆಸೆಗೆ ತಕ್ಕ ಹಾಗೆ ಕಥೆ ಕಟ್ಟುವವನು ಹೀಗೆ ಶುರುಮಾಡುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಸಂದು ಸಿಕ್ಕಿದಲ್ಲೆಲ್ಲ "ಪ್ರವಾದಿ ಹೇಳಿದ್ದು ನೆರವೇರಿತು" ಅನ್ನುವ ಮತ್ತಾಯ, ಅರಿಮಥಾಯದ ಯೋಸೇಫ ಎಂಬ ಐಶ್ವರ್ಯವಂತ ತನ್ನ ಹೊಸ ಸಮಾಧಿಯಲ್ಲಿ ಯೇಸುವನ್ನು ಇಟ್ಟ ಅಂತ ಬರೆಯುವಾಗ ಯೆಶಾಯ 53:9ನ್ನು ಎತ್ತುವುದೇ ಇಲ್ಲ. ಮಾರ್ಕನೂ ಅಷ್ಟೇ. ಪಿಲಾತನ ಮುಂದೆ ಯೇಸು ಬಾಯಿ ತೆರೆಯಲಿಲ್ಲ ಅಂತ ಬರೆದು ಮುಂದೆ ಹೋಗುತ್ತಾನೆ, ಕುರಿಮರಿಯ ಮಾತೇ ಇಲ್ಲ. ಓದುಗರಿಗೆ ತಾನಾಗೇ ಹೊಳೆಯಲಿ ಅಂತ ಬಿಟ್ಟಿರಬಹುದು ಅಂತ ಯಾರಾದರೂ ಅನ್ನಬಹುದು. ಇರಬಹುದು.

ಸಭೆಗಳಲ್ಲಿ ಜಾಸ್ತಿ ಓಡುವ ಇನ್ನೂ ಎರಡು ಮೂರು ಉದಾಹರಣೆಗಳಿವೆ, ಅವುಗಳ ಮೇಲೆ ಹೆಚ್ಚು ಭಾರ ಹಾಕಬೇಡಿ. ಒಂದು, ತೂರ್ ಪಟ್ಟಣ. ಅದರ ಕಲ್ಲು ಮರ ಮಣ್ಣನ್ನು ನೀರಿಗೆ ಹಾಕುತ್ತಾರೆ ಅಂತ ಯೆಹೆಜ್ಕೇಲನ 26ನೇ ಅಧ್ಯಾಯದಲ್ಲಿದೆ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ದಡದ ಹಳೇ ಊರಿನ ಅವಶೇಷವನ್ನೇ ಸಮುದ್ರಕ್ಕೆ ಸುರಿಸಿ, ಊರಿನ ಉಳಿದ ಭಾಗ ಇದ್ದ ದ್ವೀಪದವರೆಗೆ ದಾರಿ ಮಾಡಿ, ಏಳು ತಿಂಗಳ ಮುತ್ತಿಗೆಯ ಮೇಲೆ ಊರನ್ನು ಹಿಡಿದ. ಓದಿದರೆ ಆಶ್ಚರ್ಯವಾಗುತ್ತದೆ, ನಿಜ. ಆದರೆ ಆ ಪಟ್ಟಣ ಮತ್ತೆ ಕಟ್ಟಲ್ಪಡುವುದಿಲ್ಲ ಅಂತಲೂ ಅದೇ ಅಧ್ಯಾಯದಲ್ಲಿದೆ. ಪೌಲ ಅದೇ ತೂರಿನಲ್ಲಿ ಏಳು ದಿನ ಉಳಿದಿದ್ದ, ಇವತ್ತೂ ಲೆಬನಾನಿನಲ್ಲಿ ಅದು ಜನ ವಾಸ ಮಾಡುವ ಊರು. ಅಲೆಕ್ಸಾಂಡರನಿಗೂ ಮುಂಚೆ ಮುತ್ತಿಗೆ ಹಾಕಿದ ಬಾಬೆಲಿನ ರಾಜ ನೆಬೂಕದ್ನೆಚ್ಚರನಿಗೆ ಅಲ್ಲಿ ಪಟ್ಟ ಪಾಡಿಗೆ ತಕ್ಕ ಕೂಲಿ ಸಿಗಲಿಲ್ಲ ಅಂತ ಯೆಹೆಜ್ಕೇಲನೇ 29ನೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಅರ್ಧ ಅಧ್ಯಾಯ ಓದಿಸಿ ಅರ್ಧ ಮುಚ್ಚಿಟ್ಟರೆ, ಇಂಟರ್ನೆಟ್ ಇರುವ ಹುಡುಗರು ಉಳಿದರ್ಧವನ್ನು ಅವತ್ತು ರಾತ್ರಿಯೇ ಓದುತ್ತಾರೆ.

ಇನ್ನೊಂದು ಕೋರೆಷ. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಈ ಪಾರಸಿಯ ರಾಜನ ಹೆಸರನ್ನೇ ಯೆಶಾಯ ಗ್ರಂಥ ಹೇಳುತ್ತದೆ. ಯೆಶಾಯ ಅದಕ್ಕೆ ಸುಮಾರು 150 ವರ್ಷ ಮೊದಲಿನವನು ಅಂತ ನಂಬುವವರಿಗೆ ಇದು ದೊಡ್ಡ ಅದ್ಭುತ. ಆದರೆ 40ನೇ ಅಧ್ಯಾಯದಿಂದ ಮುಂದಿನದು ಯೆಹೂದ್ಯರು ಬಾಬೆಲಿನಲ್ಲಿ ಸೆರೆಯಲ್ಲಿದ್ದ ಕಾಲದಲ್ಲೇ ಬರೆದದ್ದು ಅಂತ ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಗಮನಿಸಿ, ಅವರು ಹೇಳುವುದೇ ಸರಿಯಾದರೂ 53ನೇ ಅಧ್ಯಾಯ ಯೇಸುವಿಗಿಂತ 500 ವರ್ಷ ಹಿಂದಿನದಾಗಿಯೇ ಉಳಿಯುತ್ತದೆ. ಮೆಸ್ಸೀಯ ಬರುವ ಕಾಲ ಎಣಿಸಲು ಬಳಸುವ ದಾನಿಯೇಲನ 70 ವಾರಗಳ ಲೆಕ್ಕದ್ದು ಇನ್ನೂ ಗೋಜಲು. ಎಲ್ಲಿಂದ ಎಣಿಸಬೇಕು, ವರ್ಷಕ್ಕೆ 360 ದಿನವೋ 365 ದಿನವೋ ಅನ್ನುವುದರಲ್ಲೇ ಒಮ್ಮತ ಇಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ನೆರವೇರದೇ ಉಳಿದವುಗಳದ್ದು. ಮೆಸ್ಸೀಯ ಬಂದರೆ ಕತ್ತಿಗಳೆಲ್ಲ ಗುಳಗಳಾಗಬೇಕು, ತೋಳ ಕುರಿಯ ಜೊತೆ ಮಲಗಬೇಕು. ಆಗಿದೆಯಾ? ಯೆಹೂದ್ಯರು ಯೇಸುವನ್ನು ಒಪ್ಪದಿರಲು ಕೊಡುವ ಮುಖ್ಯ ಕಾರಣವೇ ಇದು. ದಿನಪತ್ರಿಕೆ ಓದುವ ಯಾರಿಗೂ ಅದಕ್ಕೆ ಎದುರಾಡಲು ಬಾಯಿ ಬರುವುದಿಲ್ಲ.

ಕ್ರೈಸ್ತರ ಉತ್ತರ ಎರಡು ಬರುವಿಕೆಗಳದ್ದು, ಉಳಿದದ್ದು ಯೇಸು ಮತ್ತೆ ಬಂದಾಗ ನೆರವೇರುತ್ತದೆ ಅಂತ. ಅದರ ಬೇರು ಲೂಕನ 4ನೇ ಅಧ್ಯಾಯದಲ್ಲಿದೆ ಅಂತ ನನಗೆ ಅನಿಸುತ್ತದೆ. ತನ್ನೂರು ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿ ಬಿಚ್ಚಿ, ನಾವು ಈಗ 61 ಅನ್ನುವ ಅಧ್ಯಾಯವನ್ನು ಓದುತ್ತಾನೆ. ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಯೆಹೋವನು ನೇಮಿಸಿದ ಶುಭವರ್ಷ. ಅಷ್ಟಕ್ಕೆ ಸುರುಳಿ ಸುತ್ತಿ ಕೊಟ್ಟು ಕೂತುಬಿಡುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಿರುತ್ತಾರೆ. ಈ ವಾಕ್ಯ ಇವತ್ತು ನೆರವೇರಿದೆ ಅನ್ನುತ್ತಾನೆ. ಯೆಶಾಯನಲ್ಲಿ ಆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ, "ನಮ್ಮ ದೇವರ ಮುಯ್ಯಿತೀರಿಸುವ ದಿನ" ಅಂತ ಮುಂದುವರಿಯುತ್ತದೆ. ಯೇಸು ವಾಕ್ಯದ ನಡುವಲ್ಲೇ ನಿಲ್ಲಿಸಿದ್ದಾನೆ. ಇವತ್ತು ನೆರವೇರಿದ್ದು ಇಷ್ಟು, ಇನ್ನೊಂದು ಭಾಗಕ್ಕೆ ಕಾಲ ಬಂದಿಲ್ಲ ಅಂತ ಕ್ರೈಸ್ತರು ಇದನ್ನು ಓದುತ್ತಾರೆ. ಉಳಿದದ್ದನ್ನೆಲ್ಲ ಎರಡನೇ ಬರುವಿಕೆಗೆ ಮುಂದೂಡುವುದು ಅನುಕೂಲದ ಮಾತು ಅಂತ ಯಾರಾದರೂ ಅಂದರೆ ಬೇಜಾರು ಮಾಡಿಕೊಳ್ಳಬಾರದು. ಇಲ್ಲಿ ಪುರಾವೆ ಮುಗಿದು ನಂಬಿಕೆ ಶುರುವಾಗುತ್ತದೆ.

ಇಷ್ಟೆಲ್ಲ ತೊಡಕಿದ್ದರೂ ಮೊದಲ ಕ್ರೈಸ್ತರಿಗೆ ಇದೇ ಮುಖ್ಯ ವಾದ ಆಗಿತ್ತು. ಇವತ್ತಿನ ನಾಬ್ಲುಸ್ ಪಟ್ಟಣ ಇರುವಲ್ಲಿ ಹುಟ್ಟಿದ ಜಸ್ಟಿನ್ ಎಂಬ ತತ್ವಜ್ಞಾನಿ ಒಂದೊಂದೇ ಗುರುಕುಲ ತಿರುಗಿ ಕೊನೆಗೆ ಸಮುದ್ರದ ದಡದಲ್ಲಿ ಸಿಕ್ಕ ಮುದುಕನೊಬ್ಬನಿಂದ ಪ್ರವಾದಿಗಳ ಬಗ್ಗೆ ಕೇಳಿ ಕ್ರೈಸ್ತನಾದ. ಕ್ರಿ.ಶ. 155ರ ಸುಮಾರಿಗೆ ಅವನು ರೋಮಿನ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಒಂದು ಜಾಣತನದ ಮಾತಿದೆ. ಯೇಸುವಿನ ಅದ್ಭುತಗಳನ್ನು ಮಾಟ ಅಂತ ಯಾರು ಬೇಕಾದರೂ ತಳ್ಳಿಹಾಕಬಹುದು, ಆದರೆ ಮೊದಲೇ ಬರೆದಿಟ್ಟ ಮಾತು ನಡೆದರೆ ಅದನ್ನು ಮಾಟ ಅನ್ನಲು ಬರುವುದಿಲ್ಲ ಅನ್ನುವ ಧಾಟಿ ಅವನದು. ಆಮೇಲಿನ ಕ್ರೈಸ್ತ ಪಂಡಿತ ಅಗಸ್ಟೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಮ್ಮನ್ನು ಒಪ್ಪದ ಯೆಹೂದ್ಯರೇ ಈ ಗ್ರಂಥಗಳನ್ನು ಕಾಪಾಡಿಕೊಂಡು ಬಂದಿದ್ದಾರೆ, ಹಾಗಾಗಿ ನಾವು ತಿದ್ದಿದೆವು ಅಂತ ಯಾರೂ ಹೇಳುವಂತಿಲ್ಲ ಅಂದ.

ಅದೇ ವಾದ ಯೆಹೂದ್ಯರ ಮೇಲೆ ದೊಣ್ಣೆಯೂ ಆಯಿತು. 1263ರಲ್ಲಿ ಬಾರ್ಸಿಲೋನಾದಲ್ಲಿ ರಾಜನ ಎದುರು ನಾಹ್ಮನಿಡೀಸ್ ಎಂಬ ರಬ್ಬಿಯನ್ನು, ಅಂದರೆ ಯೆಹೂದ್ಯ ಧರ್ಮಗುರುವನ್ನು, ಕೂರಿಸಿ ಮೆಸ್ಸೀಯ ಬಂದಾಗಿದೆ ಅಂತ ಒಪ್ಪಿಸಲು ನೋಡಿದರು. ಅವರು ಚೆನ್ನಾಗಿ ವಾದ ಮಾಡಿದರು, ಆಮೇಲೆ ದೇಶ ಬಿಡಬೇಕಾಯಿತು. ಒಪ್ಪದವರನ್ನು ಕುರುಡರು ಅನ್ನುವ ಚಾಳಿ ಶತಮಾನಗಟ್ಟಲೆ ನಡೆಯಿತು, ಅದಕ್ಕೆ ತೆತ್ತ ಬೆಲೆ ಯೂರೋಪಿನ ಯೆಹೂದ್ಯರದು. 2001ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗವೇ ಬರೆಯಿತು, ಪ್ರವಾದನೆಗಳನ್ನು ಮುಂದಾಗುವುದರ ಫೋಟೋ ಅಂತ ನೋಡುವುದು ತಪ್ಪು, ಯೆಹೂದ್ಯರ ಕಾಯುವಿಕೆ ವ್ಯರ್ಥವಲ್ಲ ಅಂತ. ಈ ಮಾತು ನಮ್ಮ ಸಭಾಪಾಲಕರ ಪ್ರಸಂಗಗಳಿಗೂ ಬಂದರೆ ಒಳ್ಳೇದು.

ಕೊನೆಗೆ ಉಳಿಯುವುದು, ಪ್ರವಾದನೆ ತಳಪಾಯವೋ ಅಲ್ಲವೋ ಎಂಬ ಮಾತು. ಇದಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯ ನೋಡಿ. ಯಾವ ಸುವಾರ್ತೆಗಿಂತಲೂ ಮುಂಚಿನ ಬರಹ ಅದು, ಅದರಲ್ಲಿ ಪೌಲ ತಾನು ಬೇರೆಯವರಿಂದ ಕಲಿತದ್ದನ್ನು ಹೇಳುತ್ತಿದ್ದಾನೆ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತದ್ದು ಶಾಸ್ತ್ರದ ಪ್ರಕಾರ, ಮೂರನೆಯ ದಿನ ಎದ್ದದ್ದು ಶಾಸ್ತ್ರದ ಪ್ರಕಾರ. ಶಾಸ್ತ್ರದ ಮಾತು ಎರಡು ಸಲ ಬರುತ್ತದೆ, ಅಷ್ಟು ಮುಖ್ಯ ಅದು. ಆದರೆ ಯಾವ ಶಾಸ್ತ್ರ, ಯಾವ ಪ್ರವಾದಿ, ಎಷ್ಟನೇ ವಾಕ್ಯ ಅಂತ ಅವನು ಒಂದನ್ನೂ ಹೇಳುವುದಿಲ್ಲ. ಅವನು ಹೆಸರು ಹಿಡಿದು ಹೇಳುವುದು ಎದ್ದ ಯೇಸುವನ್ನು ಕಂಡವರನ್ನು. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, 500ಕ್ಕೂ ಹೆಚ್ಚು ಸಹೋದರರು, ಯಾಕೋಬ, ಅಪೊಸ್ತಲರೆಲ್ಲರು, ಕೊನೆಗೆ ತಾನು. ಆ 500ರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ ಅಂತ ಸೇರಿಸುತ್ತಾನೆ, ಬೇಕಾದರೆ ಹೋಗಿ ಕೇಳಿ ಅನ್ನುವ ಹಾಗೆ. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಮುಂದೆ ಬರೆಯುತ್ತಾನೆ. ಮೀಕನ ವಾಕ್ಯ ಹೊಂದದಿದ್ದರೆ ವ್ಯರ್ಥ ಅಂತ ಎಲ್ಲೂ ಬರೆದಿಲ್ಲ.